ಬದಲಾಗದ ಕಡತಕ್ಕೆ ದಿನಾ ಹೊಸ ಕಟ್ಟೋಣವೇಕೆ?

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕಬ್ಬಿನ ದರದ ಲೆಕ್ಕ ಗೊತ್ತಿಲ್ಲದ ಮನೆ ಸಿಗುವುದು ಕಷ್ಟ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ಕ್ವಿಂಟಲಿಗೆ 355 ರೂಪಾಯಿ. ಅದೂ ಸಕ್ಕರೆ ಇಳುವರಿ ಶೇ 10.25 ಇದ್ದರೆ. ಇಳುವರಿ ಶೇ 0.1ರಷ್ಟು ಮೇಲೇರಿದಂತೆಲ್ಲ ಕ್ವಿಂಟಲಿಗೆ 3.46 ರೂಪಾಯಿ ಕೂಡುತ್ತ ಹೋಗಬೇಕು. ಅದರ ಹಿಂದಿನ ಹಂಗಾಮಿನಲ್ಲಿ ದರ 340 ರೂಪಾಯಿ ಇತ್ತು. ಈ ಲೆಕ್ಕ ಮಾಡಿ ರೈತನ ಬಿಲ್ಲು ಮುದ್ರಿಸುವ ತಂತ್ರಾಂಶವೊಂದನ್ನು ಜಮಖಂಡಿಯಲ್ಲಿ ಕೂತು ನಾಲ್ಕು ಮಂದಿಯ ತಂಡ ಬರೆಯುತ್ತಿದೆ ಎಂದಿಟ್ಟುಕೊಳ್ಳಿ. ತಮ್ಮ ಲೆಕ್ಕ ಸರಿಯಿದೆಯೇ ಎಂದು ನೋಡಿಕೊಳ್ಳಲು ಅವರಿಗೆ ಮಾದರಿ ತೂಕದ ಚೀಟಿಗಳು ಬೇಕು, ಮಾದರಿ ಖಾತೆಗಳು ಬೇಕು, ಕೊನೆಯಲ್ಲಿ ಹೀಗೇ ಬರಬೇಕು ಎಂಬ ಮಾದರಿ ಬಿಲ್ಲುಗಳೂ ಬೇಕು. ಇವನ್ನು ಟೆಸ್ಟ್ ಫೈಲುಗಳು ಅನ್ನುತ್ತಾರೆ. ಎಫ್‌ಆರ್‌ಪಿ ಬದಲಾಗುವುದು ವರ್ಷಕ್ಕೊಮ್ಮೆ, ಸಾಗಣೆ-ಕಟಾವಿನ ಕಡಿತದ ನಿಯಮ ಇನ್ನೂ ಅಪರೂಪಕ್ಕೆ. ಆದರೂ ತಂಡದಲ್ಲೊಬ್ಬರು ಲಾಗಿನ್ ಪರದೆಯ ಗುಂಡಿಯ ಬಣ್ಣ ತಿದ್ದಿದರೆ ಸಾಕು, ದೂರದ ಯಾವುದೋ ಕಂಪ್ಯೂಟರು ಆ ಸಾವಿರಾರು ಮಾದರಿ ಕಡತಗಳನ್ನೆಲ್ಲ ಮೊದಲಿನಿಂದ ಹುಟ್ಟಿಸಲು ತೊಡಗುತ್ತದೆ. ತಂತ್ರಾಂಶ ಲೋಕದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಎಚ್ಚರಿಕೆ ಎಂದೇ ಕರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಕಡತ ಯಾವುದರ ಮೇಲೆ ನಿಂತಿದೆ ಎಂದು ಬರೆದಿಡದವರು ಎಲ್ಲವನ್ನೂ ಮತ್ತೆ ಕಟ್ಟುತ್ತಾರೆ. ಆ ಅಜ್ಞಾನದ ಬೆಲೆಯನ್ನು ದೊಡ್ಡ ಕಂಪನಿಗಳು ಹೇಗೋ ತೆತ್ತಾವು, ಸಣ್ಣ ಊರಿನ ಸಣ್ಣ ತಂಡಗಳಿಗೆ ಅದು ಆಗದ ಮಾತು.

ಈ ದೂರದ ಕಂಪ್ಯೂಟರಿನ ಏರ್ಪಾಟಿಗೆ ನಿರಂತರ ಸಂಯೋಜನೆ ಎಂದು ಹೆಸರು. ಕಸುಬಿನವರ ಬಾಯಲ್ಲಿ ಸಿಐ. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತವರ ಸಂಗಡಿಗರು ತಂತ್ರಾಂಶ ಬರೆಯುವ ಹೊಸ ಪದ್ಧತಿಯೊಂದನ್ನು ರೂಪಿಸಿದಾಗ ಇದೂ ಅದರ ಭಾಗವಾಗಿತ್ತು. 2000ದಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಎಲ್ಲೆಡೆ ಹಬ್ಬಿತು. ಕಲ್ಪನೆ ಸರಳ. ತಂಡದವರು ತಮ್ಮ ತಮ್ಮ ಭಾಗವನ್ನು ತಿಂಗಳುಗಟ್ಟಲೆ ಬೇರೆ ಬೇರೆ ಬರೆದು ಕೊನೆಗೆ ಕೂಡಿಸಲು ಹೋದರೆ ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಅದರ ಬದಲು ದಿನಾ ಕೂಡಿಸಿ, ಪ್ರತಿ ಸಲ ಕೂಡಿಸಿದಾಗಲೂ ಯಂತ್ರವೇ ಎಲ್ಲವನ್ನೂ ಕಟ್ಟಿ ಪರೀಕ್ಷಿಸಲಿ ಎನ್ನುವುದು. ಈ ಕೆಲಸ ಹತ್ತು ನಿಮಿಷದೊಳಗೆ ಮುಗಿಯಬೇಕು ಎಂಬುದು ಆ ಕಾಲದಿಂದ ನಡೆದುಬಂದ ಅಳತೆ. ಅದರಾಚೆಗೆ ಹೋದರೆ ಬರೆದವನ ಗಮನ ಬೇರೆ ಕಡೆಗೆ ಹೊರಳಿರುತ್ತದೆ, ತಪ್ಪು ಸಿಕ್ಕರೂ ತಿದ್ದುವ ಉಮೇದು ಇಳಿದಿರುತ್ತದೆ. ಈಗ ಇದೆಲ್ಲ ಬಾಡಿಗೆಯ ಸೇವೆ. ನೀವು ಬದಲಾವಣೆ ಸಲ್ಲಿಸಿದ ಕ್ಷಣ ಎಲ್ಲೋ ಒಂದು ಕೋರಾ ಯಂತ್ರ ಎದ್ದು, ನಿಮ್ಮ ಕೋಡನ್ನು ತರಿಸಿಕೊಂಡು, ಕಟ್ಟಿ, ಪರೀಕ್ಷಿಸಿ, ವರದಿ ಕೊಟ್ಟು, ತನ್ನ ನೆನಪನ್ನೆಲ್ಲ ಅಳಿಸಿಕೊಂಡು ಮಲಗುತ್ತದೆ. ಅದಕ್ಕೆ ನಿನ್ನೆ ಎಂಬುದೇ ಇಲ್ಲ. ಕೋರಾ ಆಗಿರುವುದೇ ಅದರ ದೊಡ್ಡ ಗುಣ, ಯಾರ ಲ್ಯಾಪ್‌ಟಾಪಿನ ಕೊಳೆಯೂ ಅದಕ್ಕೆ ಅಂಟಿರುವುದಿಲ್ಲ. ನಮ್ಮ ಸಮಸ್ಯೆಯ ಮೂಲವೂ ಅದೇ.

ಯಾವುದನ್ನು ಮತ್ತೆ ಕಟ್ಟಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸುವ ಸಾಧನ ತಂತ್ರಾಂಶ ಲೋಕಕ್ಕೆ ಸಿಕ್ಕು ಅರ್ಧ ಶತಮಾನವಾಯಿತು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಫಲಿತ ಕಡತಕ್ಕಿಂತ ಮೂಲ ಕಡತ ಹೊಸದಾಗಿದ್ದರೆ ಮತ್ತೆ ಕಟ್ಟು, ಇಲ್ಲದಿದ್ದರೆ ಬಿಡು: ಇಷ್ಟೇ ಅದರ ನಿಯಮ. ಹೊಸದೋ ಹಳೆಯದೋ ಎಂಬುದನ್ನು ಅದು ಕಡತದ ಮೇಲಿನ ದಿನಾಂಕ-ಸಮಯ ನೋಡಿ ತಿಳಿಯುತ್ತದೆ. ಒಂದೇ ಯಂತ್ರದ ಮೇಲೆ ಒಬ್ಬರೇ ಕೆಲಸ ಮಾಡುವಾಗ ಇದು ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಆದರೆ ಸಿಐ ಯಂತ್ರ ಕೋಡನ್ನು ತರಿಸಿಕೊಳ್ಳುವುದು ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ಎಂಬ ತಂತ್ರಾಂಶದ ಮೂಲಕ, ಮತ್ತು ಗಿಟ್ ಕಡತಗಳ ತಿದ್ದುಪಡಿಯ ಸಮಯವನ್ನು ಕಾಪಾಡುವುದಿಲ್ಲ. ಮೂರು ವರ್ಷದ ಹಿಂದೆ ಬರೆದ ಕಡತವಾಗಲಿ, ನಿನ್ನೆ ರಾತ್ರಿ ತಿದ್ದಿದ್ದಾಗಲಿ, ಕೋರಾ ಯಂತ್ರದಲ್ಲಿ ಇಳಿದಾಗ ಎಲ್ಲದರ ಮೇಲೂ ಇಳಿದ ಗಳಿಗೆಯದೇ ಮುದ್ರೆ. ಹಿಂದಿನ ಸಲ ಕಟ್ಟಿದ ಟೆಸ್ಟ್ ಫೈಲುಗಳನ್ನು ಎಲ್ಲಿಂದಲೋ ಎತ್ತಿಕೊಂಡು ತಂದಿಟ್ಟರೂ ಮೇಕ್ ಕಣ್ಣಿಗೆ ಮೂಲ ಕಡತಗಳೇ ಹೊಸದಾಗಿ ಕಾಣುತ್ತವೆ. ಅದು ನಿಯತ್ತಿನಿಂದ ಎಲ್ಲವನ್ನೂ ಮತ್ತೆ ಕಟ್ಟುತ್ತದೆ. ಟೆಸ್ಟ್ ಫೈಲುಗಳನ್ನು ಕೋಡಿರುವ ಗಿಟ್ ಭಂಡಾರದೊಳಗೇ ಸೇರಿಸಿಟ್ಟರೆ ಇನ್ನೊಂದು ಫಜೀತಿ. ಮೂಲ ಮತ್ತು ಫಲಿತ ಎರಡೂ ಒಂದೇ ಕ್ಷಣದಲ್ಲಿ ಇಳಿಯುವುದರಿಂದ ಯಾವುದು ಮೊದಲು ಡಿಸ್ಕ್ ಮುಟ್ಟಿತು ಎಂಬ ಆಕಸ್ಮಿಕದ ಮೇಲೆ ತೀರ್ಮಾನ ನಿಲ್ಲುತ್ತದೆ. ಒಂದು ಸಲ ಕಟ್ಟುತ್ತದೆ, ಇನ್ನೊಂದು ಸಲ ಬಿಡುತ್ತದೆ. ಇಲ್ಲಿ ಮೇಕ್‌ನದೇನೂ ತಪ್ಪಿಲ್ಲ, ಕೇಳಬಾರದ ಪ್ರಶ್ನೆಯನ್ನು ನಾವು ಗಡಿಯಾರಕ್ಕೆ ಕೇಳುತ್ತಿದ್ದೇವೆ.

ಕೇಳಬೇಕಾದದ್ದು ಇದರೊಳಗಿನ ವಿಷಯ ಬದಲಾಗಿದೆಯೇ ಎಂದು. ಅದಕ್ಕೆ ಉತ್ತರ ಹ್ಯಾಶ್. ಕಡತದ ಒಳಗಿರುವ ಪ್ರತಿ ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ನಿರ್ದಿಷ್ಟ ಉದ್ದದ ಸಂಖ್ಯೆ ಕೊಡುವ ಗಣಿತ ಕ್ರಿಯೆ ಅದು. ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಪೂರಾ ಬದಲಾಗುತ್ತದೆ, ಏನೂ ಬದಲಾಗದಿದ್ದರೆ ಯಾವ ಯಂತ್ರದಲ್ಲಿ ಯಾವ ದಿನ ಲೆಕ್ಕ ಹಾಕಿದರೂ ಅದೇ ಬರುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದಾಗ ಅದರ ಒಳಗಿನ ಪ್ರತಿ ವಸ್ತುವಿಗೂ ಇಂಥ ಸಂಖ್ಯೆಯನ್ನೇ ಹೆಸರಾಗಿಟ್ಟರು. ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಕನ್ನಡದ ಒತ್ತಕ್ಷರ, ಕಾಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಕೆಲಸದ ಹಿಂದಿರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. 'ಸೂರ್ಯ' ಎಂದು ಬರೆದರೆ ಅರ್ಕಾವತ್ತು ಬರಬೇಕು. 'ರ‍್ಯಾಂಕ್' ಎಂದು ಬರೆದರೆ ರಕಾರ ಮುಂದೆ ನಿಂತು ಯ ಒತ್ತಾಗಬೇಕು. ಎರಡಕ್ಕೂ ಯೂನಿಕೋಡ್‌ನಲ್ಲಿ ಬಹುತೇಕ ಅವೇ ಸಂಕೇತಗಳು, ಎರಡನೆಯದರ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಇರುತ್ತದೆ ಅಷ್ಟೇ. ಇಂಥ ಸೂಕ್ಷ್ಮಗಳು ಕೆಡದಂತೆ ಕಾಯಲು ಹಾರ್ಫ್‌ಬಝ್‌ನಲ್ಲಿ ರಾಶಿ ರಾಶಿ ಪರೀಕ್ಷೆಗಳಿವೆ. ಯೂನಿಕೋಡ್ ಸಂಸ್ಥೆಯ ಅಕ್ಷರ ಮೂಡಿಕೆಯ ಪರೀಕ್ಷೆಗಳ ಕಟ್ಟಿನಲ್ಲೂ ಕನ್ನಡಕ್ಕೆಂದೇ ಬೇರೆ ಪರೀಕ್ಷೆಗಳಿವೆ. ಪರೀಕ್ಷೆಗೆ ಬೇಕಾದ ಫಾಂಟನ್ನು ಹಾರ್ಫ್‌ಬಝ್ ಪ್ರತಿ ಸಲ ಹೊಸದಾಗಿ ಕಟ್ಟುವುದಿಲ್ಲ. ದೊಡ್ಡ ಫಾಂಟಿನಿಂದ ಬೇಕಾದ ಅಕ್ಷರಗಳಷ್ಟನ್ನೇ ಕತ್ತರಿಸಿ ತೆಗೆದು, ಆ ತುಣುಕಿನ ಹ್ಯಾಶ್ ಸಂಖ್ಯೆಯನ್ನೇ ಕಡತದ ಹೆಸರಾಗಿಟ್ಟು ಭಂಡಾರದಲ್ಲಿ ಇಟ್ಟುಬಿಡುತ್ತಾರೆ. ಒಳಗಿನದು ಬದಲಾದರೆ ಹೆಸರೇ ಬದಲಾಗುತ್ತದೆ. ಹಳೆಯದನ್ನು ಹೊಸದೆಂದು ತಪ್ಪು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಅರ್ಕಾವತ್ತು ಎಲ್ಲಿ ಕೂರಬೇಕು ಎಂಬುದು ಪ್ರತಿ ಮಂಗಳವಾರ ಬದಲಾಗುವ ವಿಷಯವಲ್ಲವಲ್ಲ.

ವ್ಯರ್ಥದ ಪ್ರಮಾಣ ಎಷ್ಟು ಎಂದು ಕೇಳುವವರಿಗೆ ಗೂಗಲ್‌ನವರೇ 2017ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಉತ್ತರ ಕೊಡುತ್ತದೆ. ಅವರು ಪರಿಶೀಲಿಸಿದ ಅವಧಿಯಲ್ಲಿ ಬದಲಾವಣೆಗಳ ಪರಿಣಾಮಕ್ಕೆ ಒಳಗಾಗಬಹುದಾದ 55 ಲಕ್ಷ ಪರೀಕ್ಷೆಗಳಲ್ಲಿ ಒಮ್ಮೆಯಾದರೂ ವಿಫಲವಾದದ್ದು ಸುಮಾರು 63 ಸಾವಿರ ಮಾತ್ರ. ಅಂದರೆ ಶೇ 1ಕ್ಕಿಂತ ಚೂರು ಹೆಚ್ಚು. ಅಪಾರ ಯಂತ್ರಬಲವಿದ್ದರೂ ಪ್ರತಿ ಬದಲಾವಣೆಯನ್ನೂ ಪ್ರತ್ಯೇಕವಾಗಿ ಪೂರ್ತಿ ಪರೀಕ್ಷಿಸುವುದು ತಮ್ಮಿಂದ ಆಗದು ಎಂದು ಆ ಪ್ರಬಂಧ ಒಪ್ಪಿಕೊಳ್ಳುತ್ತದೆ. ಯಾವುದು ಯಾವುದರ ಮೇಲೆ ಅವಲಂಬಿಸಿದೆ ಎಂಬ ನಕ್ಷೆಯನ್ನು ಕರಾರುವಾಕ್ಕಾಗಿ ಇಟ್ಟುಕೊಂಡು, ಮುಟ್ಟದ ಭಾಗವನ್ನು ಮತ್ತೆ ಕಟ್ಟದ ಸಾಧನವೊಂದನ್ನು ಅವರು ಒಳಗೇ ಬೆಳೆಸಿಕೊಂಡಿದ್ದರು. 2015ರಲ್ಲಿ ಅದನ್ನೇ ಬೇಝೆಲ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸಿರಿವಂತರೇ ಮೊದಲು ಮಿತವ್ಯಯ ಕಲಿತ ಅಪರೂಪದ ಸಂಗತಿ ಇದು.

ನಮ್ಮ ಜಮಖಂಡಿಯ ತಂಡಕ್ಕೆ ಲೆಕ್ಕ ಬೇರೆ. ಗಿಟ್ ಭಂಡಾರಗಳನ್ನು ಇಟ್ಟುಕೊಳ್ಳುವ ಜಾಲಸೇವೆ ಗಿಟ್‌ಹಬ್‌ನ ಉಚಿತ ಖಾತೆಯಲ್ಲಿ ಖಾಸಗಿ ಕೋಡಿಗೆ ಸಿಗುವ ಸಿಐ ಸಮಯ ತಿಂಗಳಿಗೆ 2,000 ನಿಮಿಷ. ಗಿಟ್‌ಲ್ಯಾಬ್‌ನ ಉಚಿತ ಖಾತೆಯಲ್ಲಿ 400. ಒಂದು ಸಲ ಕಟ್ಟಿ ಪರೀಕ್ಷಿಸುವುದಕ್ಕೆ, ಅಂದರೆ ಒಂದು ಬಿಲ್ಡಿಗೆ, 20 ನಿಮಿಷ ಹಿಡಿದರೆ ಮೊದಲನೆಯದರಲ್ಲಿ ತಿಂಗಳಿಗೆ 100 ಬಿಲ್ಡು, ಎರಡನೆಯದರಲ್ಲಿ 20. ನಾಲ್ಕು ಜನ, ತಿಂಗಳಿಗೆ 22 ಕೆಲಸದ ದಿನ ಎಂದರೆ ತಲಾ ದಿನಕ್ಕೊಂದು ಬದಲಾವಣೆ ಸಲ್ಲಿಸುವಷ್ಟರಲ್ಲಿ ಗಿಟ್‌ಹಬ್‌ನ ಪಾಲು ಬಹುತೇಕ ಮುಗಿಯುತ್ತದೆ. ಗಿಟ್‌ಲ್ಯಾಬ್‌ನದು ಮೊದಲ ವಾರದಲ್ಲೇ ಖಾಲಿ. ಅದೇ ಬಿಲ್ಡು ಐದು ನಿಮಿಷಕ್ಕೆ ಇಳಿದರೆ ಗಿಟ್‌ಹಬ್‌ನಲ್ಲಿ 400 ಬಿಲ್ಡು ಸಿಗುತ್ತದೆ. ಗಿಟ್‌ಹಬ್‌ನಲ್ಲಿ ಪ್ರತಿ ಕೆಲಸದ ಸಮಯವನ್ನೂ ಮೇಲಿನ ಪೂರ್ಣ ನಿಮಿಷಕ್ಕೆ ಏರಿಸಿ ಎಣಿಸುತ್ತಾರೆ ಎಂಬುದನ್ನೂ ಮರೆಯಬಾರದು. ಉಚಿತದ ಸೌಭಾಗ್ಯ ಶಾಶ್ವತವೂ ಅಲ್ಲ. ಮುಕ್ತ ತಂತ್ರಾಂಶಗಳಿಗೆ ವರ್ಷಗಟ್ಟಲೆ ಬಿಟ್ಟಿಯಾಗಿ ಸೇವೆ ಕೊಟ್ಟ ಟ್ರಾವಿಸ್ ಸಿಐ 2020ರ ನವೆಂಬರಿನಲ್ಲಿ ತನ್ನ ದರ ಪದ್ಧತಿಯನ್ನೇ ಬದಲಿಸಿತು. ಅದೇ ತಿಂಗಳು ತಂತ್ರಾಂಶದ ಸಿದ್ಧ ಪೊಟ್ಟಣಗಳನ್ನು ಹಂಚುವ ಡಾಕರ್ ಹಬ್ ಕೂಡ, ಹೆಸರು ನೋಂದಾಯಿಸದೆ ಬರುವವರಿಗೆ ಆರು ಗಂಟೆಗೆ 100 ಸಲ ಮಾತ್ರ ಎಂದು ಇಳಿಕೆಗೆ ಮಿತಿ ಹಾಕಿತು. ಪ್ರತಿ ಸಲ ಎಲ್ಲವನ್ನೂ ಜಾಲದಿಂದ ಹೊಸದಾಗಿ ಇಳಿಸಿಕೊಳ್ಳುತ್ತಿದ್ದ ಎಷ್ಟೋ ತಂಡಗಳ ಬಿಲ್ಡುಗಳು ಆ ಮಿತಿಗೆ ತಾಗಿ ನಿಂತವು. ಬೇರೆಯವರ ಯಂತ್ರ, ಬೇರೆಯವರ ವಿದ್ಯುತ್ತು, ಬೇರೆಯವರ ಜಾಲ ಎಂಬ ಉಡಾಫೆಗೆ ಬಿಲ್ಲು ಬರುವ ದಿನ ಒಂದಿರುತ್ತದೆ.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಿಧಾನದ ಪರೀಕ್ಷೆಯನ್ನು ಯಾರೂ ಬಹುಕಾಲ ಸಹಿಸುವುದಿಲ್ಲ. ಮೊದಲು ದೊಡ್ಡ ಪರೀಕ್ಷೆಗಳನ್ನು ವಾರಕ್ಕೊಮ್ಮೆ ಮಾಡೋಣ ಅನ್ನುತ್ತಾರೆ. ಆಮೇಲೆ ಬಿಡುಗಡೆಗೆ ಮುಂಚೆ ಮಾತ್ರ. ಬಿಡುಗಡೆಯ ಹಿಂದಿನ ಸಂಜೆ ಹೇಗೂ ಸಮಯವಿರುವುದಿಲ್ಲ. ಹೀಗೆ ಎಲ್ಲವನ್ನೂ ಪ್ರತಿ ಸಲ ಕಟ್ಟುತ್ತೇವೆ ಎಂದು ಹೊರಟ ತಂಡ ಯಾವುದನ್ನೂ ಪರೀಕ್ಷಿಸದ ಸ್ಥಿತಿಗೆ ಬಂದು ನಿಲ್ಲುತ್ತದೆ. ಕಬ್ಬಿನ ಬಿಲ್ಲಿನಲ್ಲಿ ಅದರ ಫಲ ಏನೆಂದು ಬಿಡಿಸಿ ಹೇಳಬೇಕಿಲ್ಲ. ಟನ್ನಿಗೆ ಹತ್ತು ರೂಪಾಯಿ ಎಡವಟ್ಟಾದರೂ ಕಾರ್ಖಾನೆಯ ಗೇಟಿನ ಮುಂದೆ ಜನ ಸೇರುವ ಸೀಮೆ ಇದು, ಸೇರಲೇಬೇಕು ಕೂಡ.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ ಈ ವಿವೇಕ ಹೊಸದಲ್ಲ. ಒಂದು ಬೀಮಿನ ಹಾಸು ಮುಗಿದಾಗ ನೇಕಾರರು ಹಣಿಗೆಯ ಒಂದೊಂದು ಸಂದಿಗೂ ಹೊಸ ನೂಲು ಪೋಣಿಸುತ್ತ ಕೂರುವುದಿಲ್ಲ. ಹಳೆಯ ಹಾಸಿನ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಕೆಚ್ಚುತ್ತಾರೆ. ಆಮೇಲೆ ಮೆಲ್ಲಗೆ ಎಳೆದುಕೊಂಡರೆ ಹೊಸ ನೂಲು ಹಳೆಯದು ಹೋದ ಹಾದಿಯಲ್ಲೇ ಹಾಯ್ದು ಬರುತ್ತದೆ. ಹಣಿಗೆ ಬದಲಾದರೆ, ಎಳೆಗಳ ಲೆಕ್ಕ ಅಥವಾ ನೇಯ್ಗೆಯ ವಿನ್ಯಾಸ ಬದಲಾದರೆ ಮಾತ್ರ ಮೊದಲಿನಿಂದ ಪೋಣಿಸುವ ಕೆಲಸ. ಯಾವುದು ಬದಲಾದರೆ ಯಾವುದನ್ನು ಮತ್ತೆ ಮಾಡಬೇಕೆಂಬ ಈ ತಿಳಿವಳಿಕೆ ಅವರಿಗೆ ಕಸುಬಿನ ಭಾಗ, ಅದಿಲ್ಲದಿದ್ದರೆ ಸೀರೆಯ ಕೂಲಿ ಹಾಸಿನ ತಯಾರಿಗೇ ಸಾಲದು. ಹಾಗೆಯೇ ಒಂದು ಎಳೆ ತಪ್ಪಿ ಪಕ್ಕದ್ದಕ್ಕೆ ಕೆಚ್ಚಿಕೊಂಡರೆ ದೋಷ ಬಟ್ಟೆಯುದ್ದಕ್ಕೂ ನಡೆಯುತ್ತದೆ ಎಂಬ ಭಯವೂ ಅವರಿಗಿದೆ. ಆ ಭಯವನ್ನು ತಂತ್ರಾಂಶದವರೂ ಎತ್ತುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ.

ಹಳೆಯ ಕಡತ ಕಣ್ತಪ್ಪಿ ಉಳಿದುಬಿಟ್ಟರೆ? ಈ ಆಕ್ಷೇಪಕ್ಕೆ ಬಲವಿದೆ, ಏಕೆಂದರೆ ಮೇಕ್ ಹುಟ್ಟಿದ್ದೇ ಅಂಥ ಒಂದು ತಪ್ಪಿನಿಂದ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಒಂದು ದಿನ ಬೆಳಗಿನ ಹೊತ್ತನ್ನೆಲ್ಲ ತಪ್ಪು ಹುಡುಕುವುದರಲ್ಲಿ ಕಳೆದರು. ತಪ್ಪನ್ನು ಅವರು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡುವುದು ಮಾತ್ರ ಬಿಟ್ಟುಹೋಗಿತ್ತು. ಅವರು ಸಿಟ್ಟಿನಿಂದ ಫೆಲ್ಡ್‌ಮನ್ ಕೋಣೆಗೆ ನುಗ್ಗಿದ್ದರಿಂದಲೇ ಮೇಕ್ ಬಂತು. ಹೆಚ್ಚು ಕಟ್ಟುವುದನ್ನು ತಪ್ಪಿಸಲು ಎಂದು ಈಗ ನಾವು ನೆನೆಯುವ ಸಾಧನ ಮೊದಲು ಬಂದದ್ದು ಕಡಿಮೆ ಕಟ್ಟಿದ ಅನಾಹುತಕ್ಕೆ ಮದ್ದಾಗಿ. ಆದರೆ ಫೆಲ್ಡ್‌ಮನ್ ಕಂಡುಕೊಂಡ ಮದ್ದು ಏನು ಎಂಬುದನ್ನು ಗಮನಿಸಬೇಕು. ಪ್ರತಿ ಸಲ ಎಲ್ಲವನ್ನೂ ಕಟ್ಟಿ ಎಂದು ಅವರು ಹೇಳಲಿಲ್ಲ. ಅವಲಂಬನೆಯನ್ನು ಬರೆದಿಡಿ, ಲೆಕ್ಕ ಯಂತ್ರ ನೋಡಿಕೊಳ್ಳಲಿ ಎಂದರು. 1998ರಲ್ಲಿ ಪೀಟರ್ ಮಿಲ್ಲರ್ ಬರೆದ ಹೆಸರಾಂತ ಲೇಖನ ತೋರಿಸಿದ್ದೂ ಇದನ್ನೇ: ದೊಡ್ಡ ಯೋಜನೆಗಳಲ್ಲಿ ಮೇಕ್ ಎಡವುವುದಕ್ಕೆ ಕಾರಣ ಅವಲಂಬನೆಯ ನಕ್ಷೆಯನ್ನು ತುಂಡು ತುಂಡಾಗಿ ಹರಿದು ಕೊಟ್ಟಿರುವುದು. ನಕ್ಷೆ ಅಪೂರ್ಣವಾದಾಗ ಜನ ಭಯಬಿದ್ದು ಎಲ್ಲವನ್ನೂ ಅಳಿಸಿ ಕಟ್ಟುತ್ತಾರೆ, ನಕ್ಷೆಯ ತೂತು ಹಾಗೇ ಉಳಿಯುತ್ತದೆ. ನಮ್ಮ ಕಬ್ಬಿನ ಉದಾಹರಣೆಯಲ್ಲಿ ಎಫ್‌ಆರ್‌ಪಿಯನ್ನು ಬಿಲ್ಡಿನ ಹೊತ್ತಿಗೆ ಯಾವುದೋ ಜಾಲತಾಣದಿಂದ ತರಿಸಿಕೊಳ್ಳುವ ಏರ್ಪಾಟಿದ್ದರೆ, ಭಂಡಾರದ ಯಾವ ಕಡತದ ಹ್ಯಾಶ್ ನೋಡಿದರೂ ದರ ಬದಲಾದದ್ದು ಗೊತ್ತಾಗುವುದಿಲ್ಲ. ದರವನ್ನು ಹಂಗಾಮಿನ ಹೆಸರಿನೊಂದಿಗೆ ಭಂಡಾರದಲ್ಲೇ ಒಂದು ಕಡತವಾಗಿ ಬರೆದಿಟ್ಟರೆ ಸಮಸ್ಯೆ ತೀರಿತು: 355 ಬಂದ ದಿನ ಮಾದರಿ ಬಿಲ್ಲುಗಳು ಮತ್ತೆ ಹುಟ್ಟುತ್ತವೆ, ಮಿಕ್ಕ ದಿನ ಇಲ್ಲ. ಬಿಲ್ಲು ಹುಟ್ಟಿಸುವ ಪ್ರೋಗ್ರಾಮಿನ ಆವೃತ್ತಿ, ಅದು ಬಳಸುವ ಫಾಂಟು, ಕಂಪೈಲರಿನ ಆವೃತ್ತಿ ಇವೂ ಅದೇ ಪಟ್ಟಿಯಲ್ಲಿರಬೇಕು. ಈ ಪಟ್ಟಿ ಮಾಡಲು ಕೂತಾಗಲೇ ತಮ್ಮ ತಂತ್ರಾಂಶದ ಬಗ್ಗೆ ತಮಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ತಂಡಗಳಿಗೆ ತಿಳಿಯುತ್ತವೆ.

ಇಷ್ಟಕ್ಕೂ ಪ್ರತಿ ಸಲ ಮರುನಿರ್ಮಾಣ ಮಾಡಿದರೆ ಸುರಕ್ಷಿತ ಎಂಬ ನಂಬಿಕೆಯೇ ಪೊಳ್ಳು. ಪರೀಕ್ಷೆ ಎಂದರೆ ಒಂದು ತುದಿ ಸ್ಥಿರವಾಗಿದ್ದು ಇನ್ನೊಂದು ತುದಿಯನ್ನು ಅಳೆಯುವುದು. ಕೋಡೂ ಬದಲಾಗಿ, ಅಳೆಯುವ ಮಾದರಿಯೂ ಅದೇ ಬೆಳಿಗ್ಗೆ ಹೊಸದಾಗಿ ಹುಟ್ಟಿದ್ದರೆ ವಿಫಲವಾದದ್ದು ಯಾವುದು ಎಂದು ಹೇಳುವುದು ಹೇಗೆ? ಇವತ್ತಿನ ದಿನಾಂಕ, ಯಾದೃಚ್ಛಿಕ ಸಂಖ್ಯೆ, ಜಾಲದಿಂದ ಬಂದ ಯಾವುದೋ ಹೊಸ ಆವೃತ್ತಿ ಇವುಗಳಲ್ಲಿ ಒಂದು ಮಾದರಿ ಕಡತದೊಳಗೆ ಸೇರಿಕೊಂಡರೂ ಸಾಕು, ನಿನ್ನೆ ಪಾಸಾದ ಪರೀಕ್ಷೆ ಇವತ್ತು ಕಾರಣವಿಲ್ಲದೆ ಬೀಳುತ್ತದೆ. ಮತ್ತೊಮ್ಮೆ ಓಡಿಸಿದರೆ ಪಾಸಾಗುತ್ತದೆ. ಇಂಥದ್ದನ್ನು ನಾಲ್ಕು ಸಲ ಕಂಡ ತಂಡ ಐದನೆಯ ಸಲ ನಿಜವಾದ ತಪ್ಪು ಬಂದಾಗಲೂ 'ಮತ್ತೊಮ್ಮೆ ಓಡಿಸು' ಅನ್ನುತ್ತದೆ. ಇದಕ್ಕಿಂತ ಕೆಟ್ಟದ್ದು ಉತ್ತರದ ಕಡತವನ್ನೇ ಮತ್ತೆ ಹುಟ್ಟಿಸುವುದು. ಬಿಲ್ಲು ಹೀಗೇ ಬರಬೇಕು ಎಂಬ ಮಾದರಿಯನ್ನು ಪರೀಕ್ಷೆಗೆ ಒಳಗಾಗಬೇಕಾದ ಅದೇ ಪ್ರೋಗ್ರಾಮಿನಿಂದ ಪ್ರತಿ ಬಿಲ್ಡಿನಲ್ಲೂ ಹೊಸದಾಗಿ ಬರೆಸಿದರೆ ಆ ಪರೀಕ್ಷೆ ಎಂದೂ ಬೀಳುವುದಿಲ್ಲ. 355ರ ಬದಲು 535 ಎಂದು ಹೊಡೆದರೂ ಎರಡೂ ಕಡೆ 535 ಬಂದು ಹಸಿರು ಗುರುತು ಬೀಳುತ್ತದೆ. ಉತ್ತರದ ಕಡತ ಮನುಷ್ಯರ ಕಣ್ಣು ದಾಟಿ, ಸಹಿ ಬಿದ್ದು, ಸುಮ್ಮನೆ ಕೂತಿರಬೇಕಾದ ವಸ್ತು.

ಕಟ್ಟಿಟ್ಟ ಕಡತಗಳಲ್ಲಿ ಕಳ್ಳ ಸೇರಿಕೊಂಡರೆ ಎಂಬುದು ಎರಡನೆಯ ಆಕ್ಷೇಪ, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಗಂಭೀರವಾದದ್ದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬಯಲಿಗೆಳೆದ ಎಕ್ಸ್‌ಝಡ್ ಪ್ರಕರಣ ಇದಕ್ಕೆ ಸಾಕ್ಷಿ. ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಬಳಕೆಯಲ್ಲಿರುವ ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್. ವರ್ಷಗಟ್ಟಲೆ ಸಂಭಾವಿತನಂತೆ ನಡೆದುಕೊಂಡು ನಿರ್ವಾಹಕನ ಸ್ಥಾನ ಗಿಟ್ಟಿಸಿದ ಒಬ್ಬಾತ ಅದರಲ್ಲಿ ಹಿಂಬಾಗಿಲೊಂದನ್ನು ಇಟ್ಟ. ಅದನ್ನು ಅಡಗಿಸಿದ್ದು ಟೆಸ್ಟ್ ಫೈಲುಗಳಲ್ಲೇ! ಬೇಕೆಂದೇ ಕೆಡಿಸಿದ ಮಾದರಿ ಎಂಬ ಸೋಗಿನಲ್ಲಿ ಭಂಡಾರಕ್ಕೆ ಸೇರಿದ ಆ ಕಡತಗಳನ್ನು ತೆರೆದು ಓದುವಂತಿರಲಿಲ್ಲ, ಆದ್ದರಿಂದ ಯಾರೂ ಓದಲಿಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಫ್ರಾಯ್ಂಡ್ ಅವರ ಅನುಮಾನವಿಲ್ಲದಿದ್ದರೆ ಅದು ಜಗತ್ತಿನ ಎಷ್ಟೋ ಸರ್ವರುಗಳಿಗೆ ಹಬ್ಬುತ್ತಿತ್ತು. ಹಾಗಾದರೆ ಟೆಸ್ಟ್ ಫೈಲುಗಳನ್ನು ಕಟ್ಟಿಡಲೇಬಾರದು, ಪ್ರತಿ ಸಲ ಮೂಲದಿಂದಲೇ ಹುಟ್ಟಿಸಬೇಕು ಎಂದು ವಾದಿಸುವವರಿದ್ದಾರೆ. ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಹುಟ್ಟಿಸುವ ವಿಧಾನ ಬರೆದಿರದ, ಓದಲಾಗದ ಕಡತವನ್ನು ಯಾರಿಂದಲೂ ಸ್ವೀಕರಿಸಬಾರದು. ವಿಧಾನ ಜೊತೆಗಿದ್ದರೆ ಪ್ರತಿ ಬದಲಾವಣೆಗೂ ಹುಟ್ಟಿಸುವ ಅಗತ್ಯವೇನೂ ಇಲ್ಲ. ವಿಧಾನ ಬದಲಾದಾಗ ಹುಟ್ಟಿಸಬೇಕು. ಅದಲ್ಲದೆ ಯಾರೂ ಕಾಯದ ರಾತ್ರಿಯ ಹೊತ್ತಿನಲ್ಲಿ ಒಮ್ಮೆ ಎಲ್ಲವನ್ನೂ ಮೂಲದಿಂದ ಕಟ್ಟಿ, ಭಂಡಾರದಲ್ಲಿರುವುದರ ಹ್ಯಾಶ್ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಗಂಟೆ ಬಾರಿಸಬೇಕು. ಸುಮ್ಮನೆ ಮತ್ತೆ ಕಟ್ಟುವ ಬಿಲ್ಡು ಎರಡು ಫಲಿತಗಳನ್ನು ಹೋಲಿಸುವುದಿಲ್ಲ, ಹಳೆಯದರ ಮೇಲೆ ಹೊಸದನ್ನು ಬರೆದು ಮುಂದೆ ಹೋಗುತ್ತದೆ. ಕಳ್ಳನನ್ನು ಹಿಡಿಯುವುದು ಹೋಲಿಕೆ.

ತಾಳೆ ನೋಡಬೇಕಾದರೆ ಒಂದೇ ಮೂಲದಿಂದ ಎರಡು ಸಲ ಕಟ್ಟಿದಾಗ ಬೈಟು ಬೈಟಿಗೂ ಒಂದೇ ಬರಬೇಕು. ಅದು ತಾನಾಗಿ ಆಗುವುದಿಲ್ಲ. ಜಿಪ್ ಕಡತ ತನ್ನೊಳಗಿನ ಪ್ರತಿ ಕಡತದ ಸಮಯವನ್ನೂ ಬರೆದುಕೊಳ್ಳುತ್ತದೆ. ಪಿಡಿಎಫ್ ಹುಟ್ಟಿದ ಗಳಿಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಬಳಗದವರು 2013ರಿಂದ ಇದರ ಹಿಂದೆ ಬಿದ್ದು, ಬಿಲ್ಡಿಗೆ ಗಡಿಯಾರದ ಬದಲು ಒಂದು ಗೊತ್ತುಮಾಡಿದ ಸಮಯವನ್ನೇ ಕೊಡುವ ಸರಳ ಒಡಂಬಡಿಕೆಯನ್ನು ರೂಪಿಸಿದ್ದಾರೆ. ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದು 2023ರ ಜನವರಿ ಕೊನೆಯಲ್ಲಿ ಗೊತ್ತಾಯಿತು. ಗಿಟ್‌ಹಬ್ ತನ್ನಲ್ಲಿನ ಗಿಟ್ ಆವೃತ್ತಿಯನ್ನು ಏರಿಸಿದಾಗ, ಇಳಿಸಿಕೊಳ್ಳುವವರಿಗೆ ಕೊಡುವ ಕೋಡಿನ ಕಟ್ಟನ್ನು ಕುಗ್ಗಿಸುವ ಒಳಗಿನ ಕ್ರಮ ಬದಲಾಯಿತು. ಒಳಗಿನ ಕೋಡು ಅದೇ, ಹೊರಗಿನ ಬೈಟುಗಳು ಮಾತ್ರ ಬೇರೆ. ಜಗತ್ತಿನಾದ್ಯಂತ ಹ್ಯಾಶ್ ತಾಳೆ ನೋಡುತ್ತಿದ್ದ ಬಿಲ್ಡುಗಳು ಒಂದೇ ಸಮನೆ ಬಿದ್ದವು, ಕೆಲವೇ ಗಂಟೆಗಳಲ್ಲಿ ಗಿಟ್‌ಹಬ್ ಬದಲಾವಣೆಯನ್ನು ಹಿಂತೆಗೆದುಕೊಂಡಿತು. ಹ್ಯಾಶ್ ನಂಬಬಾರದು ಎಂಬುದಕ್ಕೆ ಇದನ್ನು ಉದಾಹರಿಸುವವರಿದ್ದಾರೆ. ನನಗೆ ಕಾಣುವುದು ಬೇರೆ: ಬದಲಾವಣೆ ಆದ ಕೆಲವೇ ಹೊತ್ತಿನಲ್ಲಿ ಜಗತ್ತಿಗೆ ತಿಳಿದದ್ದು ತಾಳೆ ನೋಡುವವರು ಇದ್ದದ್ದರಿಂದ.

ಕ್ಯಾಶ್ ಬಗ್ಗೆಯೂ ಒಂದು ಮಾತು. ಸಿಐ ಸೇವೆಗಳು ಹಿಂದಿನ ಬಿಲ್ಡಿನ ಫಲಿತವನ್ನು ಎತ್ತಿಟ್ಟುಕೊಂಡು ಮುಂದಿನದಕ್ಕೆ ಕೊಡುವ ಅನುಕೂಲ ಒದಗಿಸುತ್ತವೆ. ಗಿಟ್‌ಹಬ್‌ನಲ್ಲಿ ಏಳು ದಿನ ಯಾರೂ ಮುಟ್ಟದಿದ್ದರೆ ಅದು ಅಳಿಸಿಹೋಗುತ್ತದೆ. ಹೊರಗಿನ ಅಪರಿಚಿತರು ಸಲ್ಲಿಸಿದ ಬದಲಾವಣೆ ಮುಖ್ಯ ಶಾಖೆಯ ಕ್ಯಾಶ್‌ಗೆ ಬರೆಯುವಂತಿದ್ದರೆ ವಿಷ ಬೆರೆಸುವುದು ಸುಲಭ. 2024ರ ಡಿಸೆಂಬರಿನಲ್ಲಿ ಅಲ್ಟ್ರಾಲಿಟಿಕ್ಸ್ ಎಂಬ ಜನಪ್ರಿಯ ಪೈಥಾನ್ ಪ್ಯಾಕೇಜಿಗೆ ಇದೇ ದಾರಿಯಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಕೋಡು ನುಸುಳಿತು. ಆದ್ದರಿಂದ ಬಿಡುಗಡೆಯ ಬಿಲ್ಡಿಗೆ ಕ್ಯಾಶ್ ಬಳಸಬಾರದು. ದಿನನಿತ್ಯದ ಪರೀಕ್ಷೆಯ ಬಿಲ್ಡಿಗೆ ಬಳಸಬಹುದು. ಗ್ರಾಹಕರ ಕೈಗೆ ಹೋಗುವುದು ಮತ್ತು ತಂಡದ ಕಣ್ಣಿಗೆ ಮಾತ್ರ ಬೀಳುವುದು ಎರಡಕ್ಕೂ ಒಂದೇ ಕಟ್ಟುನಿಟ್ಟು ಬೇಕೆಂಬುದು ಮೊಂಡುವಾದ.

ಯಂತ್ರ ಅಗ್ಗ, ಮನುಷ್ಯರ ಸಮಯ ತುಟ್ಟಿ, ಅವಲಂಬನೆಯ ಪಟ್ಟಿ ಮಾಡುತ್ತ ಕೂರುವ ಬದಲು ಯಂತ್ರವೇ ದುಡಿಯಲಿ ಬಿಡಿ ಎಂಬ ಮಾತು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಬಿಲ್ಡು ಮುಗಿಯಲೆಂದು ಕಾಯುವುದೂ ಮನುಷ್ಯರೇ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ; ಆರು ದಶಕಗಳಿಂದ ಈ ಜಿಲ್ಲೆ ಎಂಜಿನಿಯರುಗಳನ್ನು ತಯಾರಿಸಿ ಹೊರಗೆ ಕಳಿಸುತ್ತ ಬಂದಿದೆ. ಅವರಲ್ಲಿ ಕೆಲವರಾದರೂ ಊರಲ್ಲೇ ಕೂತು ತಂತ್ರಾಂಶ ಬರೆಯುವಂತಾಗಬೇಕಾದರೆ ಬಂಡವಾಳವೇ ಇಲ್ಲದೆ ನಡೆಯಬಲ್ಲ ಪದ್ಧತಿಗಳು ಬೇಕು. ಪಹಣಿಯಿಂದ ಹಿಡಿದು ಪಿಂಚಣಿಯವರೆಗೆ ಜನರ ಕೆಲಸವೆಲ್ಲ ತಂತ್ರಾಂಶಕ್ಕೆ ಸೇರಿರುವಾಗ ಸರ್ಕಾರದ ಇಲಾಖೆಗಳು ಗುತ್ತಿಗೆ ಕೊಡುವ ಹೊತ್ತಿಗೆ ಪರೀಕ್ಷೆಯ ಮಾದರಿಗಳನ್ನೂ ಅವುಗಳ ಅವಲಂಬನೆಯ ಪಟ್ಟಿಯನ್ನೂ ಕೋಡಿನ ಜೊತೆಗೇ ಒಪ್ಪಿಸಬೇಕು ಎಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಬಹುದು. ಮುಂದಿನ ಗುತ್ತಿಗೆದಾರರು ಬಂದಾಗ ಎಲ್ಲವನ್ನೂ ಮೊದಲಿನಿಂದ ಕಟ್ಟುವ ಖರ್ಚು ಆ ಒಂದು ಸಾಲಿನಿಂದ ಎಷ್ಟೋ ಇಳಿಯುತ್ತದೆ.

ಶುರು ಮಾಡಲು ಬೇಝೆಲ್‌ನಂಥ ದೊಡ್ಡ ಸಾಧನಗಳಿಗೆ ಕೈಹಾಕುವುದು ಬೇಡ. ಅವನ್ನು ಸಾಕಲು ಬೇರೆ ಆಳು ಬೇಕಾಗುತ್ತದೆ. ಸಿಐ ವರದಿಯಲ್ಲಿ ಪ್ರತಿ ಹಂತಕ್ಕೂ ಹಿಡಿದ ಸಮಯ ಬರೆದೇ ಇರುತ್ತದೆ, ಮೊದಲು ಅದನ್ನು ಓದಬೇಕು. ಟೆಸ್ಟ್ ಫೈಲು ಹುಟ್ಟಿಸುವ ಹಂತವೇ ಹೆಚ್ಚು ತಿನ್ನುತ್ತಿದ್ದರೆ ಅದು ಓದುವ ಕಡತಗಳ ಹ್ಯಾಶನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ಮುಂದಿನ ಸಲ ತಾಳೆಯಾದರೆ ಆ ಹಂತ ದಾಟುವಂತೆ ಮಾಡಲು ಹತ್ತು-ಹನ್ನೆರಡು ಸಾಲಿನ ಸ್ಕ್ರಿಪ್ಟು ಸಾಕು. ರಾತ್ರಿಯ ಪೂರ್ಣ ಬಿಲ್ಡನ್ನು ಅದೇ ದಿನ ಹೂಡಬೇಕು, ಆಮೇಲೆ ನೋಡೋಣ ಎಂದರೆ ಆಗುವುದಿಲ್ಲ. ಇನ್ನು ಇಡೀ ಬಿಲ್ಡೇ ನಲವತ್ತು ಸೆಕೆಂಡಿನಲ್ಲಿ ಮುಗಿಯುವ ತಂಡ ಈ ಯಾವ ಉಸಾಬರಿಗೂ ಹೋಗಬೇಕಿಲ್ಲ. ಅವರು ಎಲ್ಲವನ್ನೂ ಪ್ರತಿ ಸಲ ಕಟ್ಟಿಕೊಳ್ಳಲಿ, ಮಾದರಿ ಉತ್ತರದ ಕಡತವೊಂದನ್ನು ಬಿಟ್ಟು.